ವಂಶವೃಕ್ಷದಲ್ಲಿ ಅವ್ವ ಬರೀ ‘ಮೃತ’

ಭಾನುವಾರ ಬೆಳಿಗ್ಗೆ ದೊಡ್ಡಪ್ಪನ ಫೋನ್ ಬಂತು ಅಂದ್ರೆ ಎರಡೇ ಕಾರಣ. ಊರಲ್ಲಿ ಜಾತ್ರೆ ಇರಬೇಕು, ಇಲ್ಲಾ ಯಾರಾದ್ರೂ ತೀರಿಕೊಂಡಿರಬೇಕು. ಹೋದ ತಿಂಗಳು ಮಾತ್ರ ಮೂರನೇ ಕಾರಣಕ್ಕೆ ಬಂತು.

“ಅಮ್ಮಯ್ಯಾ, ಹೊಲಕ್ಕೆ ಪಾರ್ಟಿ ಬಂದವ್ರೆ. ಒಳ್ಳೆ ರೇಟು. ನಿಮ್ಮಪ್ಪ ಇಲ್ವಲ್ಲ, ನಿಂದೂ ಒಂದು ಸೈನ್ ಬೇಕಾಯ್ತದೆ.”

ನಮ್ಮದು ಮಾಲೂರು ತಾಲೂಕು. ಬೆಂಗಳೂರು ಬೆಳೀತಾ ಬೆಳೀತಾ ನಮ್ಮ ಹೊಲದ ಹತ್ತಿರಕ್ಕೇ ಬಂದುಬಿಟ್ಟಿದೆ. ಮೊದಲೆಲ್ಲ ಹೆಣ್ಣುಮಕ್ಕಳನ್ನ ಯಾರೂ ಕೇಳ್ತಿರಲಿಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಆದಮೇಲೆ ನಮ್ಮ ಸಹಿ ಇಲ್ಲದೆ ಕೊಳ್ಳೋರು ಹತ್ತಿರ ಬರಲ್ಲ. ನಾನು ಆಫೀಸ್ ಕೆಲಸದ ಗಡಿಬಿಡಿಯಲ್ಲಿ “ಆಯ್ತು ದೊಡ್ಡಪ್ಪ, ಹೇಳಿದ ದಿನ ಬರ್ತೀನಿ” ಅಂದೆ. ಮಾತು ಒಂದೂವರೆ ನಿಮಿಷಕ್ಕೆ ಮುಗೀತು.

ಸಂಜೆ ವಾಟ್ಸಾಪ್‌ನಲ್ಲಿ ವಂಶವೃಕ್ಷದ ಪ್ರತಿ ಬಂತು. ನೋಡಿದವರಿಗೆ ಗೊತ್ತಿರುತ್ತೆ, ಮೇಲೆ ತಾತ, ಪಕ್ಕದಲ್ಲಿ ಅವ್ವ, ಕೆಳಗೆ ಗೆರೆ ಎಳೆದು ಮಕ್ಕಳು, ಇನ್ನೂ ಕೆಳಗೆ ನಾವು. ತಾತನ ಹೆಸರಿನ ಮುಂದೆ ‘ಮೃತ’. ಅವ್ವನ ಹೆಸರಿನ ಮುಂದೆ ‘ಮೃತ’. ಅಪ್ಪನ ಹೆಸರಿನ ಮುಂದೆಯೂ ‘ಮೃತ’. (ಕೋಲಾರ ಸೀಮೆಯಲ್ಲಿ ಅವ್ವ ಅಂದ್ರೆ ಅಜ್ಜಿ, ಹುಬ್ಬಳ್ಳಿ ಕಡೆಯವರು ಗೊಂದಲ ಮಾಡ್ಕೋಬೇಡಿ. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಹಾಗೆ ಬೆಳೆದವರು ನಾವು.) ಅದರಲ್ಲಿದ್ದ ಅವ್ವನ ಹೆಸರು ನೋಡಿ ಒಂದು ಕ್ಷಣ ಯಾರಿದು ಅನ್ನಿಸಿತು. ಊರಲ್ಲಿ ಯಾರೂ ಅವಳನ್ನ ಆ ಹೆಸರಲ್ಲಿ ಕರೆದದ್ದೇ ಇಲ್ಲ.

ಆಗ ಇನ್ನೊಂದು ನೆನಪಾಯ್ತು. ಹೊಲದ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ, ತಾತ ಮತ್ತು ಅವ್ವನ ಸಮಾಧಿ ಇದೆ. ನಮ್ಮ ಕಡೆ ತುಂಬಾ ಮನೆತನಗಳಲ್ಲಿ ಹೀಗೇ, ತೀರಿಕೊಂಡವರನ್ನ ಸ್ವಂತ ಹೊಲದಲ್ಲೇ ಮಣ್ಣು ಮಾಡ್ತಾರೆ. ಮೂರನೇ ದಿನ ಹಾಲು ತುಪ್ಪ, ಆಮೇಲೆ ವರ್ಷಕ್ಕೊಮ್ಮೆ ಪಿತೃಪಕ್ಷದಲ್ಲಿ ಎಡೆ. ಹೊಲ ಹೋದರೆ ಅದೂ ಹೋಯ್ತು. ಫೋನಲ್ಲಿ ದೊಡ್ಡಪ್ಪ ಆ ಮಾತೇ ಎತ್ತಲಿಲ್ಲ. ನನಗೂ ನೆನಪಾಗಲಿಲ್ಲ ಅನ್ನೋದೇ ಹೆಚ್ಚು ಚುಚ್ಚಿದ್ದು.

ಕಾಕತಾಳೀಯ ನೋಡಿ, ಆ ವಾರ ಮೆಟ್ರೋದಲ್ಲಿ ನಾನು ಓದುತ್ತಿದ್ದದ್ದು ‘ಸ್ಪೂನ್ ರಿವರ್ ಆಂಥಾಲಜಿ’. ಎಡ್ಗರ್ ಲೀ ಮಾಸ್ಟರ್ಸ್ ಅಂತ ಷಿಕಾಗೋದ ಒಬ್ಬ ವಕೀಲ 1915ರಲ್ಲಿ ತಂದ ಪುಸ್ತಕ. ಒಂದು ಚಿಕ್ಕ ಊರಿನ ಸ್ಮಶಾನದಲ್ಲಿ ಮಲಗಿರೋ ಇನ್ನೂರಕ್ಕೂ ಹೆಚ್ಚು ಜನ ಒಬ್ಬೊಬ್ಬರಾಗಿ ಎದ್ದು ತಮ್ಮ ಬದುಕಿನ ಬಗ್ಗೆ ಮಾತಾಡ್ತಾರೆ. ಸತ್ತಮೇಲೆ ಯಾರ ಹಂಗೂ ಇಲ್ಲವಲ್ಲ, ಉಳಿದವರು ಮುಚ್ಚಿಟ್ಟದ್ದನ್ನೆಲ್ಲ ಹೇಳಿಬಿಡ್ತಾರೆ. ಊರು ಕಲ್ಪನೆಯದ್ದಾದ್ರೂ ಜನರನ್ನ ತಾನು ಬೆಳೆದ ಊರುಗಳಿಂದಲೇ ಎತ್ತಿಕೊಂಡಿದ್ದ. ಅಲ್ಲಿಯವರಿಗೆ ಸಿಟ್ಟು ಬಂದದ್ದು ಸಹಜ.

ಇದರ ಜತೆ ನೆನಪಾಗೋದು ಥಾರ್ನ್‌ಟನ್ ವೈಲ್ಡರ್ 1938ರಲ್ಲಿ ಬರೆದ ‘ಅವರ್ ಟೌನ್’ ನಾಟಕ. ಕೊನೆಯ ಅಂಕ ನಡೆಯೋದು ಸ್ಮಶಾನದಲ್ಲಿ. ಹೆರಿಗೆಯಲ್ಲಿ ತೀರಿಕೊಂಡ ಹುಡುಗಿಗೆ ಒಂದೇ ಒಂದು ದಿನ ವಾಪಸ್ ಹೋಗಿ ಬದುಕೋ ಅವಕಾಶ ಸಿಗುತ್ತೆ. ಅವಳು ಹೋಗೋದು ತನ್ನ ಹನ್ನೆರಡನೇ ಹುಟ್ಟುಹಬ್ಬದ ದಿನಕ್ಕೆ. ಅಡುಗೆಮನೆಯಲ್ಲಿ ಅಮ್ಮ ತಿಂಡಿ ಮಾಡ್ತಾ ಇರ್ತಾಳೆ, ಮಗಳ ಮುಖ ನೋಡೋಕೆ ಪುರುಸೊತ್ತಿರಲ್ಲ. ಅಷ್ಟೇ. ಅದನ್ನ ತಡ್ಕೊಳ್ಳೋಕೆ ಆಗದೆ ಆ ಹುಡುಗಿ ವಾಪಸ್ ಬಂದುಬಿಡ್ತಾಳೆ.

ನಮ್ಮ ಊರುಗಳ ಬಗ್ಗೆ ಹೀಗೆ ಯಾರಾದ್ರೂ ಬರೆದಿದ್ದಾರಾ ಅಂತ ಹುಡುಕಿದೆ. ಬರೆದಿದ್ದಾರೆ. ಅದೂ ನಾವು ಊಹಿಸದ ಜಾಗದಲ್ಲಿ.

ಮೊದಲನೆಯದು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೇ ಸಂಪುಟ. ಬೆಂಗಳೂರಲ್ಲೇ ಹುಟ್ಟಿದ ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಗಳ ಪುಸ್ತಕ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಅಂತ ತಾಲೂಕುವಾರು, ಊರುವಾರು ಜೋಡಿಸಿದ್ದಾರೆ. ರಾಜರ ದಾನಪತ್ರಗಳು ಇರಲಿ ಬಿಡಿ, ನನ್ನ ಕಣ್ಣು ನಿಂತದ್ದು ವೀರಗಲ್ಲುಗಳ ಮೇಲೆ. ಗಂಗರು, ಬಾಣರು, ನೊಳಂಬರು ಇದ್ದ ಕಾಲದಲ್ಲಿ ಊರಿನ ದನ ಹೊಡ್ಕೊಂಡು ಹೋಗೋಕೆ ಬಂದವರನ್ನ ತಡೆಯೋಕೆ ಹೋಗಿ ಸತ್ತವರು. ಇಂಥವನ ಮಗ ಇಂಥವನು, ತುರು ಬಿಡಿಸಿ ಸತ್ತ, ಅವನ ಮನೆಯವರಿಗೆ ಇಷ್ಟು ಭೂಮಿ ಕೊಟ್ಟರು. ಎರಡು ಮೂರು ಸಾಲಲ್ಲಿ ಒಂದು ಜೀವ ಮುಗಿಯುತ್ತೆ.

ಹಾಗೆ ಕೊಟ್ಟ ಭೂಮಿಗೆ ಒಂದು ಹೆಸರೇ ಇತ್ತು, ನೆತ್ತರುಗೊಡಗೆ. ಸುರಿಸಿದ ನೆತ್ತರಿಗೆ ಕೊಟ್ಟ ಕೊಡುಗೆ. ಭೂಮಿ ಮಾರೋ ಕಾಗದ ಫೋನಲ್ಲಿ ಇಟ್ಟುಕೊಂಡು ಈ ಪದ ಓದೋದು ಅಷ್ಟು ಸುಲಭ ಅಲ್ಲ.

ಹೆಂಗಸರಿಗೂ ಕಲ್ಲು ಇದೆ. ಗಂಡನ ಚಿತೆ ಏರಿದವಳಿಗೆ ನಿಲ್ಲಿಸಿದ ಕಲ್ಲಿಗೆ ಮಾಸ್ತಿಕಲ್ಲು ಅಂತಾರೆ. ಮಾಸ್ತಿ ಅನ್ನೋ ಪದ ಮಹಾಸತಿಯಿಂದ ಬಂದದ್ದು. ಅಂದ್ರೆ ಬೆಂಕಿಗೆ ಹೋದರೆ ಕಲ್ಲು. ಎಂಬತ್ತು ವರ್ಷ ರಾಗಿ ಬೀಸಿ, ಮಕ್ಕಳನ್ನ ಸಾಕಿ, ಒಂದು ಮಧ್ಯಾಹ್ನ ಸುಮ್ಮನೆ ತೀರಿಕೊಂಡರೆ ಏನೂ ಇಲ್ಲ.

ದೊಡ್ಡವರ ಸಮಾಧಿಗಳಿಗೆ ನಮ್ಮ ಜಿಲ್ಲೆಯಲ್ಲಿ ಕೊರತೆ ಇಲ್ಲ. ಕೋಲಾರದಲ್ಲಿ ಹೈದರಾಲಿಯ ತಂದೆ ಫತೇ ಮಹಮ್ಮದನ ಮಕ್ಬರಾ ಇದೆ. ಮುಳಬಾಗಿಲಲ್ಲಿ ಹೈದರ್ ವಲಿ ದರ್ಗಾ ಇದೆ, ಊರಾಚೆ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ ಇದೆ. ಎರಡೂ ಕಡೆ ಜನ ಹೋಗ್ತಾರೆ, ಕೈ ಮುಗೀತಾರೆ, ಹರಕೆ ಹೊರ್ತಾರೆ. ಇನ್ನು ಶ್ರೀನಿವಾಸಪುರ. ಅದರ ಹಳೇ ಹೆಸರು ಪಾಪನಪಲ್ಲಿ, ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿಟ್ಟರು ಅಂತ ಹೇಳ್ತಾರೆ. ದೊಡ್ಡವರ ಮಗನ ಹೆಸರು ಊರಿಗೇ ಅಂಟಿಕೊಳ್ತು. ಉಳಿದವರ ಹೆಸರು ಪಹಣಿಯಲ್ಲಿ ಬಂದು ಹೋಗುತ್ತೆ.

ಆ ಉಳಿದವರನ್ನ ಹಿಡಿದಿಟ್ಟ ಇಬ್ಬರು ನಮ್ಮ ಜಿಲ್ಲೆಯವರೇ. ಮುಳಬಾಗಿಲಿನ ಡಿ.ವಿ. ಗುಂಡಪ್ಪ ನಮಗೆಲ್ಲ ಕಗ್ಗದ ಡಿವಿಜಿ ಆಗಿ ಗೊತ್ತು, ಸ್ಟೇಟಸ್ ಹಾಕ್ಕೊಳ್ಳೋಕೆ ಅನುಕೂಲ. ಅವರ ‘ಜ್ಞಾಪಕ ಚಿತ್ರಶಾಲೆ’ ಓದಿ ನೋಡಿ. ಎಂಟು ಸಂಪುಟ. ಅದರಲ್ಲಿ ದಿವಾನರೂ ಇದ್ದಾರೆ, ಪುರೋಹಿತರೂ ಮೇಷ್ಟ್ರುಗಳೂ ಇದ್ದಾರೆ. ಎಲ್ಲರಿಗೂ ಒಂದೇ ಮರ್ಯಾದೆ. ಯಾರು ಹೇಗೆ ನಗ್ತಿದ್ದರು, ಏನು ಊಟ ಇಷ್ಟ, ಸಾಲ ಹೇಗೆ ತೀರಿಸಿದರು, ಎಲ್ಲ ಬರುತ್ತೆ. ಹೆಚ್ಚಿನವರು ಗಂಡಸರು, ಅದೂ ಅವರ ಒಡನಾಟದವರು ಅನ್ನೋದು ನಿಜ. ಆದರೆ ಅವರು ಬರೆಯದೇ ಇದ್ದಿದ್ದರೆ ಅವರಲ್ಲಿ ಎಷ್ಟೋ ಜನ ಇವತ್ತು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಇನ್ನೊಬ್ಬರು ನಮ್ಮ ತಾಲೂಕಿನ ಮಾಸ್ತಿ. 1891ರ ಜೂನ್ 6ರಂದು ಹುಟ್ಟಿ 1986ರ ಜೂನ್ 6ರಂದೇ ತೀರಿಕೊಂಡವರು. 1983ರ ಜ್ಞಾನಪೀಠ ಬಂದದ್ದು ‘ಚಿಕವೀರ ರಾಜೇಂದ್ರ’ಕ್ಕೆ, ಒಬ್ಬ ರಾಜನ ಕಥೆಗೆ. ನನಗೆ ಇಷ್ಟ ಅವರ ಸಣ್ಣ ಕಥೆಗಳು. ಸಿಬಿಎಸ್‌ಇ ಓದಿದವರು ಹನ್ನೊಂದನೇ ಕ್ಲಾಸಲ್ಲಿ ‘ರಂಗಾಸ್ ಮ್ಯಾರೇಜ್’ ಓದಿರ್ತೀರಿ. ಇಂಗ್ಲಿಷ್ ಕಲಿತು ಬೆಂಗಳೂರಿಂದ ಊರಿಗೆ ಬಂದ ಹುಡುಗ, ಅವನಿಗೆ ಮದುವೆ ಮಾಡಿಸೋಕೆ ಹೊರಟ ಊರಿನ ಹಿರಿಯ. ಯಾರೂ ಸಾಯಲ್ಲ, ಯಾರೂ ಗೆಲ್ಲಲ್ಲ. ಪಕ್ಕದಲ್ಲಿ ಕೂತು ಹೇಳಿದ ಹಾಗೆ ಕಥೆ ಮುಗಿಯುತ್ತೆ.

ಇಷ್ಟೆಲ್ಲ ಓದಿ, ತಲೆ ತುಂಬಿಸಿಕೊಂಡು ಶನಿವಾರ ಊರಿಗೆ ಹೋದೆ. ಸಮಾಧಿ ಮಾರಬಾರದು ಅಂತ ದೊಡ್ಡಪ್ಪನಿಗೆ ಒಂದು ಭಾಷಣ ರೆಡಿ ಇತ್ತು.

ದೊಡ್ಡಪ್ಪ ನನ್ನನ್ನ ಹೊಲಕ್ಕೆ ಕರ್ಕೊಂಡು ಹೋಗಿ, ಮೊದಲು ತೋರಿಸಿದ್ದು ಬೋರ್‌ವೆಲ್ ಕೇಸಿಂಗ್ ಪೈಪುಗಳನ್ನ. ಐದು. “ಕೊನೇದು ಸಾವಿರದ ಮುನ್ನೂರು ಅಡಿ ಹೋಯ್ತಮ್ಮ. ಬರೀ ಧೂಳು ಬಂತು. ಆ ಸಾಲ ಇನ್ನೂ ತೀರಿಲ್ಲ. ನಾನೇನು ಖುಷಿಗೆ ಮಾರ್ತಾ ಇದೀನಾ?”

ನನ್ನ ಭಾಷಣ ಗಂಟಲಲ್ಲೇ ಉಳೀತು. ತಿಂಗಳ ಕೊನೆಗೆ ಸಂಬಳ ಬೀಳೋ ನಾನು, ನೆತ್ತರುಗೊಡಗೆ ಬಗ್ಗೆ ಅವರಿಗೆ ಏನು ಹೇಳೋದು?

ಹೊಂಗೆ ಮರದ ಕೆಳಗೆ ಕೂತ್ವಿ. ಅವ್ವನನ್ನ ಮಣ್ಣು ಮಾಡಿದ ದಿನ ಹೆಣ್ಣುಮಕ್ಕಳನ್ನ ಇಲ್ಲಿಗೆ ಬಿಟ್ಟಿರಲಿಲ್ಲ, ಮನೆ ಬಾಗಿಲಲ್ಲೇ ನಿಲ್ಲಿಸಿದ್ದರು. ಅವ್ವನ ಬಗ್ಗೆ ಹೇಳಿ ದೊಡ್ಡಪ್ಪ ಅಂದೆ. ಏನು ಹೇಳೋದು ಅಂದರು. ಆಮೇಲೆ ಒಂದು ಗಂಟೆ ಹೇಳಿದರು.

ಮಾಲೂರಿನ ಹೆಂಚಿನ ಫ್ಯಾಕ್ಟರಿಯಲ್ಲಿ ಅವ್ವ ಹನ್ನೊಂದು ವರ್ಷ ಮಣ್ಣು ಹೊತ್ತಿದ್ದಳಂತೆ. ನಮ್ಮ ಹಳೇ ಮನೆಯ ಹೆಂಚು ಅವಳ ಕೂಲಿಯಲ್ಲಿ ಕಡಿತ ಮಾಡಿಸಿಕೊಂಡು ತಂದ ಎರಡನೇ ದರ್ಜೆ ಮಾಲು. ಅದಕ್ಕೇ ಮಳೆಗಾಲದಲ್ಲಿ ಮೂರು ಕಡೆ ಸೋರ್ತಿತ್ತು. ಸೋರಿದಾಗಲೆಲ್ಲ ತಾತ ಬೈತಿದ್ದರು, ಅವ್ವ ಪಾತ್ರೆ ಇಡ್ತಿದ್ದಳು. ಆ ಮನೆಯಲ್ಲಿ ಹದಿನೆಂಟು ವರ್ಷ ಬೆಳೆದ ನನಗೆ ಇದು ಗೊತ್ತೇ ಇರಲಿಲ್ಲ.

ಏಳುವಾಗ ದೊಡ್ಡಪ್ಪ ನನ್ನ ಮುಖ ನೋಡದೆ ಹೇಳಿದರು. “ನಿಮ್ಮಪ್ಪನ್ನ ಬೆಂಗಳೂರಲ್ಲಿ ಕರೆಂಟ್ ಒಲೇಲಿ ಸುಟ್ರಲ್ಲ. ಅಸ್ಥಿ ಶ್ರೀರಂಗಪಟ್ಟಣದಲ್ಲಿ ಬಿಡೋಕ್ ಮುಂಚೆ ಒಂದು ಹಿಡಿ ಎತ್ತಿಟ್ಕೊಂಡಿದ್ದೆ. ಇಲ್ಲೇ, ಅವ್ವನ ಕಾಲ ಹತ್ರ ಹಾಕಿದೀನಿ. ನಿಮ್ಮಮ್ಮನಿಗೂ ಹೇಳಿಲ್ಲ.”

ವಾಪಸ್ ಬರುವಾಗ ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ನಾನೇ ಕೇಳಿದೆ, ಆ ಮೂಲೆಯ ಒಂದು ಗುಂಟೆ ಬಿಟ್ಟು ಮಾರೋಕೆ ಆಗಲ್ವಾ? ಒಂದು ಗುಂಟೆ ಅಂದ್ರೆ 1,089 ಚದರಡಿ, ಬೆಂಗಳೂರಲ್ಲಿ ಎರಡು ಬೆಡ್‌ರೂಮ್ ಫ್ಲ್ಯಾಟಿನಷ್ಟು. “ಪಾರ್ಟಿ ಒಪ್ಪಲ್ಲ ಅಮ್ಮಯ್ಯ. ಸಮಾಧಿ ಪಕ್ಕ ಸೈಟ್ ಯಾರು ತಗೋತಾರೆ?” ಅಂದರು ದೊಡ್ಡಪ್ಪ. ಕೇಳಿ ನೋಡಿ, ಕಡಿಮೆ ಆಗೋ ದುಡ್ಡು ನನ್ನ ಪಾಲಲ್ಲಿ ಮುರ್ಕೊಳ್ಳಿ ಅಂದೆ.

ಎರಡು ವಾರ ಎಳೆದಾಡಿ ಒಪ್ಪಿದ್ದಾರೆ. ಒಂದು ಗುಂಟೆ ಹೊರಗಿಟ್ಟು, ಹೋಗಿಬರೋಕೆ ಆರಡಿ ದಾರಿ ಅಂತ ಕ್ರಯಪತ್ರದ ಚಕ್ಕುಬಂದಿಯಲ್ಲಿ ಬರೆಸ್ತಿದೀವಿ. ಸುತ್ತ ಗೋಡೆ ಎತ್ತರ ಕಟ್ಟಿಸಬೇಕು, ಲೇಔಟ್ ರಸ್ತೆಯಿಂದ ಸಮಾಧಿ ಕಾಣಬಾರದು ಅನ್ನೋದು ಅವರ ಷರತ್ತು. ನನ್ನ ಪಾಲಲ್ಲಿ ಮುರಿದದ್ದು ಸಣ್ಣ ಮೊತ್ತವೇನಲ್ಲ, ಮನೆ ಲೋನಿನ ಲೆಕ್ಕ ಮತ್ತೆ ಹಾಕಬೇಕಾಯ್ತು. ಮುಂದಿನ ತಿಂಗಳು ನೋಂದಣಿ. ನಾನು ಸಹಿ ಹಾಕ್ತೀನಿ. ಇಪ್ಪತ್ತು ವರ್ಷ ಆದಮೇಲೆ ಆ ಆರಡಿ ದಾರಿ ಇರುತ್ತೋ, ಯಾರದ್ದೋ ಕಾರು ನಿಂತಿರುತ್ತೋ ಹೇಳಲಾರೆ.

ಅದಕ್ಕೇ ಒಂದು ಕೆಲಸ ಶುರು ಮಾಡಿದೀನಿ. ಫೋನಲ್ಲಿ ನೋಟ್ಸ್ ತೆಗೆದು ಅವ್ವನ ಬಗ್ಗೆ ಒಂದು ಪುಟ ಬರೆದೆ. ಕರೀತಿದ್ದ ಹೆಸರು, ಹೆಂಚಿನ ಫ್ಯಾಕ್ಟರಿ, ಸೋರ್ತಿದ್ದ ಮೂರು ಜಾಗ, ಕಾಫಿಗೆ ಬೆಲ್ಲ ಹಾಕ್ತಿದ್ದದ್ದು, ಸಿಟ್ಟು ಬಂದಾಗ ಮಾತ್ರ ಕನ್ನಡ ಮಾತಾಡ್ತಿದ್ದದ್ದು. ದೊಡ್ಡಪ್ಪನಿಗೆ ಕಳಿಸಿದೆ. ಅವರು ಓದಿ ಎರಡು ತಪ್ಪು ತಿದ್ದಿದರು. ಫ್ಯಾಕ್ಟರಿಯಲ್ಲಿದ್ದದ್ದು ಹನ್ನೊಂದು ವರ್ಷ ಅಲ್ಲವಂತೆ, ಹದಿಮೂರು. ಬೆಲ್ಲದ ಕಾಫಿ ಅವ್ವನಿಗೆ ಇಷ್ಟವೇ ಇರಲಿಲ್ಲವಂತೆ, ಸಕ್ಕರೆ ನಮಗೆ ಉಳೀಲಿ ಅಂತ ಹಾಗೆ ಕುಡೀತಿದ್ದಳಂತೆ.

ನಿಮ್ಮ ಮನೆಯಲ್ಲೂ ಇವತ್ತಲ್ಲ ನಾಳೆ ಒಂದು ವಂಶವೃಕ್ಷ ಮಾಡಿಸೋ ಕೆಲಸ ಬರುತ್ತೆ. ಅದಕ್ಕೂ ಮುಂಚೆ, ತಿಳಿದವರು ಇರುವಾಗಲೇ, ಒಂದು ಭಾನುವಾರ ನೀವೇ ಫೋನ್ ಮಾಡಿ ಕೇಳಿ. ಒಂದೂವರೆ ನಿಮಿಷದಲ್ಲಿ ಮುಗಿಸಬೇಡಿ.