ಹಣೆಪಟ್ಟಿಯಾಚೆಗೆ: ಇಟಲಿಯ ಯುವಜನರ ಅಧ್ಯಯನ

ಸಮಾಜವೊಂದು ತನ್ನ ಯುವಜನರಿಗೆ ಇಡುವ ಹೆಸರುಗಳು ಅವರಿಗಿಂತ ಹೆಚ್ಚಾಗಿ ಆ ಸಮಾಜವನ್ನೇ ಕುರಿತು ಹೇಳುತ್ತವೆ. 2007ರಲ್ಲಿ ಇಟಲಿಯ ಹಣಕಾಸು ಸಚಿವ ತೊಮ್ಮಾಸೊ ಪಾದೋವ-ಸ್ಕಿಯೋಪ್ಪ ಅವರು ಹೆತ್ತವರ ಮನೆ ಬಿಡದ ತರುಣರನ್ನು ‘ಬಂಬೊಚ್ಚೋನಿ’, ಎಂದರೆ ಬೆಳೆದೂ ಮಗುವಾಗಿಯೇ ಉಳಿದವರು, ಎಂದು ಕರೆದರು. ಬಾಡಿಗೆ ಮನೆ ಹಿಡಿಯುವ ತರುಣರಿಗೆ ತೆರಿಗೆ ರಿಯಾಯಿತಿ ನೀಡುವ ಪ್ರಸ್ತಾಪವನ್ನು ಸಮರ್ಥಿಸುವಾಗಲೇ ಈ ಮಾತು ಬಂದಿತೆಂಬುದು ಗಮನಾರ್ಹ. ಆರ್ಥಿಕ ಸಂಕಷ್ಟವನ್ನು ಬಲ್ಲ ಪ್ರಭುತ್ವವೇ ಅದನ್ನು ಸ್ವಭಾವದೋಷವೆಂದು ಹೆಸರಿಸಿತು.

ಅಧ್ಯಯನದ ಅಗತ್ಯ ಎದುರಾಗುವುದು ಇಲ್ಲಿಯೇ. ಮಿಲಾನಿನ ಇಯಾರ್ಡ್ ಸಂಸ್ಥೆ 1983ರಿಂದ ನಡೆಸಿದ ಸಮೀಕ್ಷಾ ಸರಣಿಯು ಉದ್ಯೋಗ, ಪ್ರತ್ಯೇಕ ಮನೆ, ವಿವಾಹಗಳು ಮುಂದೆ ಮುಂದೆ ಹೋಗುತ್ತಿರುವುದನ್ನು ಆಗಲೇ ದಾಖಲಿಸಿತ್ತು. ಇಂದು ಇಟಲಿಯ ತರುಣರು ಮನೆ ಬಿಡುವ ಸರಾಸರಿ ವಯಸ್ಸು ಸುಮಾರು 30. ಇದನ್ನು ತಾಯಿಯ ಮಮತೆಯಿಂದಷ್ಟೇ ವಿವರಿಸಲಾಗದು. 1997 ಮತ್ತು 2003ರ ಕಾರ್ಮಿಕ ಕಾಯಿದೆಗಳು ತಾತ್ಕಾಲಿಕ ದುಡಿಮೆಯನ್ನು ವಿಸ್ತರಿಸಿದವು. ಅದರ ಹೊರೆ ಹೆಚ್ಚಾಗಿ ಬಿದ್ದದ್ದು ಹೊಸಬರ ಮೇಲೆ. 2014ರಲ್ಲಿ 15ರಿಂದ 24ರ ವಯೋಮಾನದವರ ನಿರುದ್ಯೋಗ ಪ್ರಮಾಣ ಶೇ. 40ನ್ನು ಮೀರಿತ್ತು. ಅನಂತರ ಅದು ಇಳಿದಿದೆಯಾದರೂ ಪದವೀಧರರ ವಲಸೆ ನಿಂತಿಲ್ಲ. ಪ್ರಭುತ್ವ ನೀಡಬೇಕಾದ ಆಸರೆಯನ್ನು ಕುಟುಂಬ ನೀಡುತ್ತಿದೆ. ಬೈಗುಳ ಮಾತ್ರ ಮಕ್ಕಳ ಪಾಲಿಗೆ.

1964ರಲ್ಲಿ ಇಟಲಿಯಲ್ಲಿ 10 ಲಕ್ಷಕ್ಕೂ ಹೆಚ್ಚು ಶಿಶುಗಳು ಜನಿಸಿದ್ದರೆ, 2024ರಲ್ಲಿ ಜನಿಸಿದವು ಸುಮಾರು 3.7 ಲಕ್ಷ. ಸಂಖ್ಯೆಯ ಜೊತೆಗೆ ರಾಜಕೀಯ ದನಿಯೂ ಕ್ಷೀಣಿಸುತ್ತದೆ. ಸೆನೆಟ್ ಚುನಾವಣೆಯ ಮತದಾನಕ್ಕೆ 25 ವರ್ಷ ತುಂಬಿರಬೇಕೆಂಬ ನಿಯಮ 18ಕ್ಕೆ ಇಳಿದದ್ದು 2021ರಲ್ಲಷ್ಟೇ.

‘ಇಟಲಿಯ ಯುವಜನ’ ಎಂದರೆ ಯಾರು ಎಂಬ ಪ್ರಶ್ನೆಯೂ ಇತ್ಯರ್ಥವಾಗಿಲ್ಲ. 1992ರ ಪೌರತ್ವ ಕಾಯಿದೆಯಂತೆ, ವಿದೇಶೀಯರ ಮಗು ಅಲ್ಲಿಯೇ ಹುಟ್ಟಿದರೂ ಜನ್ಮದಿಂದ ಪೌರತ್ವ ಪಡೆಯದು. ಹೆತ್ತವರು ಪೌರರಾಗದಿದ್ದಲ್ಲಿ 18 ತುಂಬುವವರೆಗೆ ಕಾಯಬೇಕು. ಲೊಂಬಾರ್ದಿಯ ಹೈನುಗಾರಿಕೆಯಲ್ಲಿ ದುಡಿಯುವ ಪಂಜಾಬಿ ಕುಟುಂಬಗಳ ಮಕ್ಕಳೂ ಈ ಸಾಲಿನಲ್ಲಿದ್ದಾರೆ. ಇಟಾಲಿಯನ್ ಭಾಷೆಯಲ್ಲಿಯೇ ಕಲಿತು ಬೆಳೆದವರನ್ನು ಹೊರಗಿಟ್ಟು ರೂಪಿಸುವ ಯಾವುದೇ ಯುವಕಥನ ಅಪೂರ್ಣ.

ಆದುದರಿಂದ ಯುವಜನರ ಅಧ್ಯಯನವನ್ನು ಅಂಕಿಅಂಶ ತಜ್ಞರಿಗಷ್ಟೇ ಬಿಟ್ಟುಕೊಡುವುದು ಸರಿಯಲ್ಲ. ಹಣೆಪಟ್ಟಿಯಂಥ ಪದವೊಂದು ಹೇಗೆ ಹುಟ್ಟಿ, ಯಾರ ಹೊಣೆಯನ್ನು ಮರೆಸುತ್ತದೆ ಎಂಬುದನ್ನು ಬಿಡಿಸಿ ತೋರಿಸುವುದು ಭಾಷೆ-ಸಂಸ್ಕೃತಿಗಳ ಅಧ್ಯಯನಕಾರರ ಕೆಲಸವೂ ಹೌದು. ಯುವಜನರನ್ನು ‘ನಾಳಿನ ಪ್ರಜೆಗಳು’ ಎನ್ನುವುದು ಸುಲಭ. ಅವರ ಇಂದಿನ ಬದುಕನ್ನು ಓದುವುದು ವಿದ್ವತ್ತಿನ ಜವಾಬ್ದಾರಿ.