ಬೇಸಿನ್ ಕೆಳಗಿನ ಕಪಾಟು ಯಾರಿಗೋಸ್ಕರ?

ಅಕ್ಕಂದಿರೇ, ಅತ್ತಿಗೆಯರೇ, ಅಕ್ಕಪಕ್ಕದ ಮನೆಯವರೇ, ಸುತ್ತಿ ಬಳಸಿ ಹೇಳೋಕೆ ನಂಗೆ ಬರಲ್ಲ. ನಾಲ್ಕಡಿಗೆ ಆರಡಿ ಬಾತ್‌ರೂಮಲ್ಲಿ ವಾಶ್‌ಬೇಸಿನ್ ಕೆಳಗೆ ಬಾಗಿಲು ಹಾಕಿದ ಕಪಾಟು ಮಾಡಿಸೋದನ್ನ ನಾವು ನಿಲ್ಲಿಸ್ಬೇಕು. ಅದಕ್ಕೆ ಈಗ ‘ವ್ಯಾನಿಟಿ’ ಅಂತ ಹೆಸರು ಬಂದಿದೆ. ಹೆಸರೇನೋ ಚೆನ್ನಾಗಿದೆ, ಆದ್ರೆ ಅದರೊಳಗೆ ನಲ್ಲಿ ಸೋರಿದ ದಿನ ತಲೆ ತೂರಿಸಬೇಕಾದವರು ನಾವು. ಡ್ರಾಯಿಂಗ್ ಹಾಕಿದವನಲ್ಲ, ಒಪ್ಪಿಗೆ ಕೊಟ್ಟ ಯಜಮಾನರೂ ಅಲ್ಲ.

ನಮ್ಮ ಉತ್ತರಹಳ್ಳಿ, ಚಿಕ್ಕಲ್ಲಸಂದ್ರ, ಅರೇಹಳ್ಳಿ ಕಡೆ ಮನೆಗಳು ಹೇಗಿವೆ ಅಂತ ನಿಮಗೇ ಗೊತ್ತು. ಇಪ್ಪತ್ತು–ಮೂವತ್ತು, ಮೂವತ್ತು–ನಲವತ್ತು ಸೈಟು. ಕೆಳಗೆ ಓನರ್ರು, ಮೇಲೆ ಎರಡು ಮೂರು ಬಾಡಿಗೆ ಪೋರ್ಷನ್ನು. ರೂಮಿಗೆ ಜಾಗ ಉಳಿಸೋಕೆ ಬಾತ್‌ರೂಮನ್ನ ಕಿತ್ತು ಕಿತ್ತು ಸಣ್ಣ ಮಾಡಿರ್ತಾರೆ. ಕಮೋಡು, ಬಕೆಟ್ಟು, ಗೀಸರ್ರು ಎಲ್ಲಾ ಅಲ್ಲೇ. ಅದರ ಮಧ್ಯೆ ಒಂದು ಮೂಲೇಲಿ ಬೇಸಿನ್ನು, ಅದರ ಕೆಳಗೆ ಈ ಪೆಟ್ಟಿಗೆ.

ಹಳೇ ಬಚ್ಚಲುಮನೆ ನೆನೆಸ್ಕೊಳ್ಳಿ. ನಲ್ಲಿ ಗೋಡೆಗಿತ್ತು. ಸೋರಿದ್ರೆ ಕಣ್ಣಿಗೆ ಕಾಣ್ತಿತ್ತು, ನಿಂತ್ಕೊಂಡೇ ತಿರುಗಿಸಿ ತೆಗೀಬಹುದಿತ್ತು. ಈಗಿನ ಬೇಸಿನ್ ನಲ್ಲಿ ಹಾಗಲ್ಲ. ಪಿಲ್ಲರ್ ಕಾಕ್ ಅಂತಾರಲ್ಲ, ಅದು ಬೇಸಿನ್ ಮೇಲೆ ನಿಂತಿರುತ್ತೆ, ಆದ್ರೆ ಅದರ ಜೀವ ಇರೋದು ಕೆಳಗೆ. ತೂತಿನಿಂದ ಇಳಿದ ಅದರ ಕಾಲಿಗೆ ಒಂದು ರಬ್ಬರ್ ವಾಷರ್ರು, ಒಂದು ನಟ್ಟು. ಆಮೇಲೆ ಬಳುಕೋ ಕನೆಕ್ಷನ್ ಪೈಪು. ಆ ಪೈಪು ಹೋಗಿ ಸೇರೋದು ಗೋಡೇಲಿರೋ ಆಂಗಲ್ ಕಾಕ್‌ಗೆ. ಆ ನಟ್ಟಿರೋದು ಬೇಸಿನ್ ಬೋಗುಣಿಗೂ ಗೋಡೆಗೂ ನಡುವೆ ಇರೋ ಸಂದಿಯಲ್ಲಿ, ಅಂಗೈ ಹಾಕಿದ್ರೆ ತಿರುಗಿಸೋಕೆ ಬರದಷ್ಟು ಇಕ್ಕಟ್ಟು. ಮುಂದೆ ಬಾಟಲ್ ಟ್ರ್ಯಾಪು ಅಡ್ಡ. ಇಷ್ಟು ಸಾಲದು ಅಂತ ಸುತ್ತಲೂ ಹಲಗೆ, ಒಳಗೊಂದು ಶೆಲ್ಫು, ಮುಂದೆ ಎರಡು ಬಾಗಿಲು. ನಲ್ಲಿ ಬದಲಾಯಿಸ್ಬೇಕು ಅಂದ್ರೆ ನೆಲದ ಮೇಲೆ ಅಂಗಾತ ಮಲಗಿ ತಲೆ ಒಳಗಿಡ್ಬೇಕು. ಕಾಲು ಚಾಚಿದ್ರೆ ಬಾತ್‌ರೂಮ್ ಹೊಸಿಲು ದಾಟಿ ಹಜಾರಕ್ಕೆ ಬರುತ್ತೆ. ಪ್ಲಂಬರ್ ಬಂದ್ರೂ ಮೊದಲು ಕೇಳೋದು, “ಮೇಡಂ, ಇದನ್ನ ಬಿಚ್ಚಬಹುದಾ?” ಅಂತ. ಬಿಚ್ಚೋಕೆ ಬರೋ ಹಾಗೆ ಮಾಡಿದ್ರೆ ತಾನೇ!

ಇದಕ್ಕೆ ಉತ್ತರವಾಗಿ ಬರೋ ಮಾತುಗಳೆಲ್ಲ ನಂಗೆ ಬಾಯಿಪಾಠ. ಒಂದೊಂದಾಗಿ ನೋಡೋಣ.

“ಒಂದು ತೊಟ್ಟು ನೀರು ತಾನೇ, ಅದಕ್ಕೆ ಇಷ್ಟು ಗಲಾಟೆ ಯಾಕೆ?”

ತೊಟ್ಟನ್ನ ಅಳೆದು ನೋಡಿ ಆಮೇಲೆ ಮಾತಾಡೋಣ. ಸೋರೋ ನಲ್ಲಿ ಕೆಳಗೆ ಒಂದು ಲೀಟರ್ ಮಗ್ ಇಡಿ. ಒಂದು ಗಂಟೇಲಿ ತುಂಬಿದ್ರೆ ದಿನಕ್ಕೆ 24 ಲೀಟರ್, ತಿಂಗಳಿಗೆ 720 ಲೀಟರ್. ನಾಲ್ಕು ಪೋರ್ಷನ್ ಇರೋ ಮನೇಲಿ ನಾಲ್ಕು ಬೇಸಿನ್ ಹೀಗೇ ಸೋರಿದ್ರೆ 2,880 ಲೀಟರ್. ಬಿಲ್ಲಲ್ಲಿ ಇದು ದೊಡ್ಡದಾಗಿ ಕಾಣಲ್ಲ, ನಿಜ. ಆದ್ರೆ 2024ರ ಬೇಸಿಗೆ ಮರೆತುಬಿಟ್ರಾ? ಬೋರ್‌ವೆಲ್ಲು ಬತ್ತಿ ಟ್ಯಾಂಕರ್‌ನವರಿಗೆ ಫೋನ್ ಮೇಲೆ ಫೋನ್ ಮಾಡಿದ್ದು? ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ರೇಟನ್ನೇ ಗೊತ್ತು ಮಾಡಬೇಕಾಯ್ತು: ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ರೂಪಾಯಿ. ಕುಡಿಯೋ ನೀರಲ್ಲಿ ಕಾರು ತೊಳೆದ್ರೆ, ಗಿಡಕ್ಕೆ ಹಾಕಿದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳ್ತು. ಅಪಾರ್ಟ್‌ಮೆಂಟು, ಹೋಟೆಲ್ಲುಗಳ ನಲ್ಲಿಗೆ ಏರೇಟರ್ ಹಾಕಿಸಿ ಅಂತ ಆದೇಶ ಬಂತು. ಎಲ್ಲಾ ಸರಿ. ಆದ್ರೆ ಕಪಾಟಿನ ಕತ್ತಲೇಲಿ ಸೋರೋ ನೀರಿಗೆ ಯಾವ ಏರೇಟರ್ ಹಾಕ್ತೀರಿ?

ಕಾವೇರಿ ನಮ್ಮ ಮನೆಗೆ ತಾನಾಗೇ ಹರಿದು ಬರಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ಹತ್ತಿಸ್ತಾರೆ. 2024ರ ಅಕ್ಟೋಬರ್ 16ಕ್ಕೆ ಐದನೇ ಹಂತ ಶುರುವಾಯ್ತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಅಂತ ದಿನಕ್ಕೆ 77 ಕೋಟಿ 50 ಲಕ್ಷ ಲೀಟರ್ ನೀರಿನ ಯೋಜನೆ ಅದು. ಅಷ್ಟು ಕರೆಂಟ್ ಸುಟ್ಟು ಬೆಟ್ಟ ಹತ್ತಿಸಿದ ನೀರನ್ನ ಕೊನೇ ಒಂದೂವರೆ ಅಡೀಲಿ, ಬಾಗಿಲು ಮುಚ್ಚಿದ ಪೆಟ್ಟಿಗೆ ಒಳಗೆ ಚೆಲ್ಲೋದಕ್ಕೆ ಏನನ್ನಬೇಕು?

“ಕೆಳಗೆ ಒಂದು ಡಬ್ಬ ಇಟ್ರೆ ಆಯ್ತಪ್ಪ.”

ಇದೇ ಎಲ್ಲಕ್ಕಿಂತ ಅಪಾಯ. ಡೆಂಗಿ ಹರಡೋ ಏಡಿಸ್ ಸೊಳ್ಳೆಗೆ ಬೇಕಾಗಿರೋದು ನಿಂತ ತಿಳಿನೀರು, ಕೂರೋಕೆ ಕತ್ತಲು. ಎರಡನ್ನೂ ನಾವೇ ಕಪಾಟು ಕಟ್ಟಿಸಿ ಕೊಟ್ಟಿದ್ದೀವಿ. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಒಂದು ವಾರ ಹತ್ತು ದಿನ ಸಾಕು. ಅಂಗಳದ ತೊಟ್ಟಿ, ಹೂಕುಂಡದ ತಟ್ಟೆ ಎಲ್ಲಾ ತಿರುವಿ ಹಾಕ್ತೀವಿ, ಈ ಡಬ್ಬ ಮಾತ್ರ ತಿಂಗಳಾದ್ರೂ ಯಾರ ಕಣ್ಣಿಗೂ ಬೀಳಲ್ಲ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯೋಕೆ ಬಿಟ್ಟ ಮನೆಗೆ ನಗರದಲ್ಲಿ 400 ರೂಪಾಯಿ ದಂಡ ಇಟ್ಟಿತು. ದಂಡದ ಮಾತು ಬಿಡಿ, ಜ್ವರ ಬಂದ ಮಗೂಗೆ ರಾತ್ರಿಯೆಲ್ಲಾ ಒದ್ದೆ ಬಟ್ಟೆ ಹಾಕಿ ಕೂರೋದು ಯಾರು? ನಾವೇ ತಾನೇ.

“ನೋಡೋಕೆ ನೀಟಾಗಿರುತ್ತೆ, ಸಾಮಾನು ಇಡೋಕೂ ಆಗುತ್ತೆ.”

ಯಾವ ಸಾಮಾನು ಹೇಳಿ. ಫಿನಾಯಿಲು, ಬ್ರಷ್ಷು, ಹಳೇ ಶಾಂಪೂ ಬಾಟಲಿ. ಅದಕ್ಕೆ ಗೋಡೆ ಮೇಲೆ ಒಂದು ಸ್ಟೀಲ್ ರ‍್ಯಾಕ್ ಸಾಕು. ಇನ್ನು ನೀಟು ಅನ್ನೋದು. ಪಾರ್ಟಿಕಲ್ ಬೋರ್ಡು, ಎಂಡಿಎಫ್ ಹಲಗೆ ನೀರು ಕುಡಿದ್ರೆ ಹಪ್ಪಳದ ಹಾಗೆ ಉಬ್ಬಿ, ಆಮೇಲೆ ಪುಡಿ ಪುಡಿ ಉದುರುತ್ತೆ. ಪಿವಿಸಿ ಹಲಗೆ ಉಬ್ಬಲ್ಲ, ಒಪ್ತೀನಿ. ಆದ್ರೆ ಅದು ಸೋರಿಕೆಯನ್ನ ಇನ್ನೂ ಚೆನ್ನಾಗಿ ಮುಚ್ಚಿಡುತ್ತೆ. ಕೆಳಗಿನ ಪೋರ್ಷನ್ನಿನ ತಾರಸಿಯಲ್ಲಿ ಹಳದಿ ಕಲೆ ಬಂದಾಗಲೇ ಗೊತ್ತಾಗೋದು. ಜಿರಳೆಗಂತೂ ಅದು ತವರುಮನೆ. ಕಣ್ಣಿಗೆ ಕಾಣದ ಕೊಳಕನ್ನ ನೀಟು ಅಂತ ಕರೆಯೋದಾದ್ರೆ ನಮ್ಮಜ್ಜಿಯಂದಿರು ಬಚ್ಚಲು ಉಜ್ಜಿದ್ದೆಲ್ಲಾ ದಂಡ.

“ನೀವು ಹೆಂಗಸರು ನಲ್ಲಿಯನ್ನ ಗಟ್ಟಿಯಾಗಿ ತಿರುಗಿಸ್ತೀರಿ, ಅದಕ್ಕೇ ಹಾಳಾಗೋದು.”

ಬಾಡಿಗೆ ಮನೆಯವರು ಈ ಮಾತನ್ನ ಕೇಳದೇ ಇರೋ ವರ್ಷವೇ ಇಲ್ಲ. ಓನರ್ ಅತ್ತೆಯಂದಿರೂ ಇದನ್ನ ಓದ್ತೀರಿ, ಹಾಗಾಗಿ ನಿಧಾನವಾಗಿ ಹೇಳ್ತೀನಿ. ಹಳೇ ಥರದ ನಲ್ಲಿ ಒಳಗೆ ಒಂದು ರಬ್ಬರ್ ವಾಷರ್ ಇರುತ್ತೆ, ನೀರಿನ ಬಾಯಿಗೆ ಒತ್ತಿ ಒತ್ತಿ ಅದು ಸವೆಯುತ್ತೆ. ಸವೆದ ಮೇಲೆ ತೊಟ್ಟಿಕ್ಕುತ್ತೆ, ತೊಟ್ಟಿಕ್ಕುತ್ತೆ ಅಂತ ಗಟ್ಟಿಯಾಗಿ ತಿರುಗಿಸ್ತೀವಿ. ಮೊದಲು ಬಂದಿದ್ದು ಸೋರಿಕೆ, ಆಮೇಲೆ ನಮ್ಮ ಕೈ. ಹೊಸ ಥರದ್ದರಲ್ಲಿ, ಕಾಲು ಸುತ್ತಿಗೇ ನಿಲ್ಲುತ್ತಲ್ಲ, ಅದರೊಳಗೆ ಎರಡು ಸೆರಾಮಿಕ್ ಬಿಲ್ಲೆ ಒಂದರ ಮೇಲೊಂದು ಜಾರುತ್ತೆ. ನಮ್ಮ ಕಡೆ ಬೋರ್ ನೀರಿನ ಗಡಸು ನಿಮಗೆ ಗೊತ್ತು, ಗೀಸರ್ ಕಾಯಿಲ್ ಮೇಲೆ ಸುಣ್ಣದ ಹಾಗೆ ಕಟ್ಟುತ್ತೆ. ಅದೇ ಬಿಳಿ ಪುಡಿ, ಸಂಪಿನ ಮರಳು ಆ ಬಿಲ್ಲೆಗಳ ಮಧ್ಯೆ ಸಿಕ್ಕಿ ಗೀಚುತ್ತೆ. ಇದು ನೀರಿನ ಗುಣ, ಬಾಡಿಗೆಯವರ ಗುಣ ಅಲ್ಲ. ಯಾವ ನಲ್ಲಿಯಾದ್ರೂ ಒಂದು ದಿನ ಸೋರೇ ಸೋರುತ್ತೆ. ಹಾಗಿದ್ಮೇಲೆ ಆ ದಿನ ಕೈ ಹೋಗೋ ಹಾಗೆ ಕಟ್ಟಿದ್ದೀರಾ ಇಲ್ವಾ ಅಂತ ಯೋಚಿಸೋದು ಕಟ್ಟಿಸಿದವರ ಕೆಲಸ.

“ಪ್ಲಂಬರ್ ಇದಾನಲ್ಲ, ನಿಮಗ್ಯಾಕೆ ಈ ಉಸಾಬರಿ?”

ಪ್ಲಂಬರ್ ನಾಳೆ ಬರ್ತೀನಿ ಅಂದ ನಾಳೆ ಯಾವತ್ತು ಬರುತ್ತೆ ಅಂತ ಕಾಯ್ತಾ ಕೂರೋದೂ ನಾವೇ ಆದ್ದರಿಂದ ನಮಗೆ ಈ ಉಸಾಬರಿ. ಅವನ ಮೇಲೆ ನಂಗೆ ಸಿಟ್ಟಿಲ್ಲ. ಹತ್ತು ನಿಮಿಷದ ಕೆಲಸವನ್ನ ನಾವೇ ಎರಡು ಗಂಟೆಯ ಸರ್ಕಸ್ ಮಾಡಿಟ್ಟು, ಅವನು ಹೆಚ್ಚು ಕೇಳ್ತಾನೆ ಅಂತ ಬೈಯೋದು ನ್ಯಾಯ ಅಲ್ಲ. ಇಕ್ಕಟ್ಟಲ್ಲಿ ಕೈ ಹೋಗ್ಲಿಲ್ಲ ಅಂದ್ರೆ ಅವನೂ ನಟ್ಟನ್ನ ಅರ್ಧಂಬರ್ಧ ಬಿಗಿದು ಎದ್ದು ಹೋಗ್ತಾನೆ.

ಜಾಗ ಇದ್ರೆ ಈ ಕೆಲಸ ನಾವೇ ಮಾಡ್ಕೋಬಹುದು. ಕಷ್ಟ ಏನಿಲ್ಲ, ಕೇಳಿ. ಮೊದಲು ಎಲ್ಲಿ ಸೋರ್ತಿದೆ ಅಂತ ನೋಡಿ. ಒಣ ಬಟ್ಟೇಲಿ ಎಲ್ಲಾ ಒರೆಸಿ, ಜೋಡಣೆ ಇರೋ ಕಡೆಯೆಲ್ಲಾ ಟಿಶ್ಯೂ ಸುತ್ತಿ. ಯಾವುದು ಒದ್ದೆಯಾಯ್ತೋ ಅಲ್ಲೇ ಸೋರಿಕೆ. ಮೂತಿಯಲ್ಲಿ ತೊಟ್ಟಿಕ್ಕಿದ್ರೆ ಬರೀ ವಾಷರ್ ಅಥವಾ ಒಳಗಿನ ಕಾರ್ಟ್ರಿಜ್ ಬದಲಾಯಿಸಿದ್ರೆ ಸಾಕು, ಪೂರ್ತಿ ಸೆಟ್ಟೇ ಹೊಸದು ಹಾಕಿಸಿ ಅಂದ್ರೆ ನಂಬಬೇಡಿ. ನಲ್ಲಿಯೇ ತುಕ್ಕು ಹಿಡಿದು ಬಿರುಕು ಬಿಟ್ಟಿದ್ರೆ ಮಾತ್ರ ಬದಲಾಯಿಸಿ. ಆಂಗಲ್ ಕಾಕ್ ನಿಲ್ಲಿಸಿ, ನಲ್ಲಿ ತೆರೆದು ಉಳಿದ ನೀರು ಬಿಟ್ಟುಬಿಡಿ. ಕೆಳಗೊಂದು ಬೋಗುಣಿ ಇಟ್ಟು ಕನೆಕ್ಷನ್ ಪೈಪು ಬಿಚ್ಚಿ, ಆಮೇಲೆ ನಲ್ಲಿಯ ಕಾಲಿನ ನಟ್ಟು. ಕಾಲಲ್ಲಿ ಬಿಳಿ ಪುಡಿ ಕಟ್ಟಿಕೊಂಡು ನಟ್ಟು ಅಲ್ಲಾಡ್ಲಿಲ್ಲ ಅಂದ್ರೆ ವಿನೆಗರ್ ಅದ್ದಿದ ಬಟ್ಟೆ ಸುತ್ತಿ ಒಂದಷ್ಟು ಹೊತ್ತು ಬಿಡಿ. ಸಂದಿಗೆ ಹೋಗೋ ಹಾಗೆ ಉದ್ದ ಹಿಡಿ ಇರೋ ಬೇಸಿನ್ ವ್ರೆಂಚ್ ಅಂತ ಬರುತ್ತೆ, ನಮ್ಮ ಬೀದಿಗೆ ಒಂದು ಕೊಂಡಿಟ್ಟುಕೊಂಡ್ರೂ ಸಾಕು, ಇಡ್ಲಿ ಪಾತ್ರೆ ಕೊಟ್ಟು ತಗೊಳ್ಳೋ ಹಾಗೆ. ಹೊಸ ನಲ್ಲಿಯನ್ನ ವಾಷರ್ ಸಮೇತ ಕೂರಿಸಿ, ಮೊದಲು ಕೈಯಲ್ಲೇ ಬಿಗಿದು, ಕೊನೇಗೆ ವ್ರೆಂಚಲ್ಲಿ ಸ್ವಲ್ಪ. ಜಾಸ್ತಿ ಬಿಗಿದ್ರೆ ಪಿಂಗಾಣಿ ಬಿರುಕು ಬಿಡುತ್ತೆ. ಟೆಫ್ಲಾನ್ ಟೇಪು ಬೇಕಾಗೋದು ಗೋಡೆಗೆ ಹೋಗೋ ಆಂಗಲ್ ಕಾಕ್ ಕಡೆಗೆ. ಕನೆಕ್ಷನ್ ಪೈಪಿಗೆ ಒಳಗೇ ರಬ್ಬರ್ ಇರುತ್ತೆ, ಅದಕ್ಕೆ ಟೇಪು ಬೇಡ. ನೀರು ಬಿಟ್ಟು ಮತ್ತೆ ಟಿಶ್ಯೂ ಸುತ್ತಿ ನೋಡಿ, ಮಾರನೇ ದಿನವೂ ಒಂದ್ಸಲ.

ಇಷ್ಟರಲ್ಲಿ ಒಂದು ಮಾತು ಗಮನಿಸಿದ್ರಾ? ಆಂಗಲ್ ಕಾಕ್ ಇದ್ರೆ ಮಾತ್ರ ಇದೆಲ್ಲಾ. ದುಡ್ಡು ಉಳಿಸೋಕೆ ಅಂತ ಕೆಲವು ಕಡೆ ಅದನ್ನೂ ಹಾಕಿರಲ್ಲ, ಗೋಡೆಯಿಂದ ನೇರ ಪೈಪು. ಆಗ ಒಂದು ವಾಷರ್ ಹಾಕೋಕೆ ತಾರಸಿ ಹತ್ತಿ ಟ್ಯಾಂಕಿನ ಗೇಟ್ ವಾಲ್ವ್ ನಿಲ್ಲಿಸ್ಬೇಕು. ಮೇಲೆ ಕೆಳಗೆ ಎಲ್ಲಾ ಪೋರ್ಷನ್ನಿಗೂ ನೀರಿಲ್ಲ, ಯಾರೋ ಅರ್ಧ ಸ್ನಾನದಲ್ಲಿ ಕೂಗ್ತಾರೆ. ಸಾವಿರಾರು ರೂಪಾಯಿಯ ಹಲಗೆಗೆ ದುಡ್ಡಿದೆ, ಇದಕ್ಕಿಲ್ಲ.

ಹಾಗಾಗಿ ಮನೆ ಕಟ್ಟಿಸೋರು, ಬಾತ್‌ರೂಮ್ ಒಡೆಸಿ ಹೊಸದು ಮಾಡಿಸೋರು, ಕೆಲಸದವರ ಮುಂದೆ ನಿಂತು ಹೇಳಿ: ಪ್ರತಿ ನಲ್ಲಿಗೂ ಒಂದು ಆಂಗಲ್ ಕಾಕ್. ಬೇಸಿನ್ ಕೆಳಗೆ ಬಯಲು. ಕೈ ಹೋಗ್ಬೇಕು, ಮೊಣಕೈ ಮಡಚಬೇಕು, ಸ್ಪ್ಯಾನರ್ ಕಾಲು ಸುತ್ತಾದ್ರೂ ತಿರುಗಬೇಕು. ಟೈಲ್ಸ್ ಹಾಕೋ ಮುಂಚೆ ನಿಮ್ಮ ಕೈಯನ್ನೇ ಹಾಕಿ ನೋಡಿ, ಬೇರೆ ಯಾರ ಮಾತೂ ಬೇಡ. ಈಗಾಗಲೇ ಕಪಾಟು ಇರೋರು ಬಾಗಿಲು ತೆಗೆಸಿ ಅಡ್ಡ ಬರೋ ಶೆಲ್ಫು ಬಿಚ್ಚಿಸಿ, ಅಷ್ಟಾದ್ರೂ ಸೋರಿದ್ದು ಅವತ್ತೇ ಕಾಣುತ್ತೆ. ಬಾಡಿಗೆಗೆ ಹೋಗೋರು ಅಡ್ವಾನ್ಸ್ ಕೊಡೋ ಮುಂಚೆ ಬಗ್ಗಿ ಆ ಬಾಗಿಲು ತೆರೆದು ಮೂಸಿ ನೋಡಿ. ಬೂಷ್ಟು ವಾಸನೆ ಬಂದ್ರೆ ಅಲ್ಲೇ ಕೇಳಿ, ಇದನ್ನ ಯಾವಾಗ ಸರಿ ಮಾಡಿಸ್ತೀರಿ ಅಂತ.

“ಬೇಸಿನ್ ಕೆಳಗೆ ಪೈಪು ಕಾಣುತ್ತಲ್ಲ” ಅಂತ ಯಾರಾದ್ರೂ ಮೂಗು ಮುರಿದ್ರೆ, ಕಾಣಲಿ ಅಂತಾನೇ ಬಿಟ್ಟಿರೋದು ಅನ್ನಿ.