ವಾದ್ಯಗೋಷ್ಠಿ ಮುಗಿದರೂ ಕಿವಿಯಲ್ಲಿ ಸದ್ದೇ?

ಗಣೇಶೋತ್ಸವದಿಂದ ರಾಜ್ಯೋತ್ಸವದವರೆಗೆ ನಮ್ಮ ಹವ್ಯಾಸಿ ಆರ್ಕೆಸ್ಟ್ರಾಗಳಿಗೆ ಬಿಡುವಿಲ್ಲ. ನಿಮ್ಮ ಮನೆಯವರಾರಾದರೂ ಅಂಥ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದರೆ ಮರುದಿನ ಬೆಳಿಗ್ಗೆ ಒಂದು ಮಾತು ಕೇಳಿ: "ಕಿವಿ ಗುಂಯ್ ಎನ್ನುತ್ತಿದೆಯೇ?"

ಬೇಸ್ ವಾದಕರು ಸಾಮಾನ್ಯವಾಗಿ ನಿಲ್ಲುವುದು ಡ್ರಮ್ಸ್ ಪಕ್ಕದಲ್ಲಿ. ತಮ್ಮ ಮಂದ್ರ ಸ್ವರ ತಮಗೇ ಕೇಳಿಸದೆ ಆಂಪ್ಲಿಫೈಯರ್ ಏರಿಸುತ್ತಾರೆ, ಉಳಿದವರೂ ಏರಿಸುತ್ತಾರೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಸಹಿಸಬಹುದು ಎಂಬುದು ತಜ್ಞರ ಲೆಕ್ಕ. ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಈ ಅವಧಿ ಅರ್ಧಕ್ಕಿಳಿಯುತ್ತದೆ. ವೇದಿಕೆಯ ಸದ್ದು 100 ಡೆಸಿಬೆಲ್ ಮುಟ್ಟಿದರೆ ಉಳಿಯುವುದು 15 ನಿಮಿಷ ಮಾತ್ರ! ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಹತ್ತಿ ತುರುಕಿಕೊಂಡರೆ ಸಾಲದು. ಸಂಗೀತಗಾರರಿಗೆಂದೇ ಇರುವ ಇಯರ್‌ಪ್ಲಗ್‌ಗಳು ಸ್ವರವನ್ನು ಹೆಚ್ಚು ಕೆಡಿಸದೆ ಸದ್ದನ್ನು ತಗ್ಗಿಸುತ್ತವೆ. ಆಂಪ್ಲಿಫೈಯರನ್ನು ಎತ್ತರದಲ್ಲಿಟ್ಟು ಕಿವಿಯತ್ತ ತಿರುಗಿಸಿದರೆ ಕಡಿಮೆ ಸದ್ದಿನಲ್ಲೇ ಕೇಳಿಸುತ್ತದೆ. ವಾದ್ಯದ ತೂಕವೇ ಸುಮಾರು 4 ಕಿಲೋ. ಭುಜದ ಪಟ್ಟಿ ಅಗಲವಾಗಿರಲಿ. ಭಾರದ ಪೆಟ್ಟಿಗೆಯನ್ನು ಇಬ್ಬರು ಸೇರಿ, ಮೊಣಕಾಲು ಬಗ್ಗಿಸಿ ಎತ್ತಲಿ.

ಗುಂಯ್‌ಗುಡುವಿಕೆ ಒಂದೆರಡು ದಿನದಲ್ಲಿ ಇಳಿಯದಿದ್ದರೆ ಕಿವಿ ತಜ್ಞರನ್ನು ಕಾಣಿರಿ. ದಿಢೀರನೆ ಒಂದು ಕಿವಿ ಮಂದವಾದರಂತೂ ಅಂದೇ ಹೋಗಿ. ಉದಾಸೀನ ಸಲ್ಲದು.

ಇಯರ್‌ಪ್ಲಗ್ ಹಾಕಿದರೆ ಗೆಳೆಯರು ನಗುತ್ತಾರೆಂಬ ಸಂಕೋಚ ಬೇಡ. ಹೆಲ್ಮೆಟ್ ಕಂಡೂ ಒಂದು ಕಾಲಕ್ಕೆ ನಕ್ಕವರಿದ್ದರು. ಸಂಪಾದನೆಗಲ್ಲ, ಸಂತೋಷಕ್ಕೆ ನುಡಿಸುವವರು ಆ ಸಂತೋಷವನ್ನು ಕೇಳುವ ಕಿವಿಯನ್ನೇ ಕಳೆದುಕೊಳ್ಳಬೇಕೆ?